ಆರೂವರೆಯ ಊಟ

ನಮ್ಮ ಮನೆಯಲ್ಲಿ ರಾತ್ರಿ ಊಟ ಎಂಟೂವರೆಗೆ. ನಾನು ಮದುವೆಯಾಗಿ ಬರುವ ಮೊದಲಿಂದಲೂ ಹಾಗೆಯೇ. ಸಂಜೆ ದೀಪ ಹಚ್ಚಿ, ಅತ್ತೆಯ ಭಜನೆ ಮುಗಿದು, ಮಂಗಳೂರಿನಿಂದ ರೈಲಲ್ಲಿ ಬರುವ ಇವರು ಮನೆ ಮುಟ್ಟಿ, ಸ್ನಾನ ಮಾಡಿ ಬರುವಾಗ ಅಷ್ಟು ಹೊತ್ತು ಆಗಿಯೇ ಆಗುತ್ತದೆ. ದೊಡ್ಡವರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಮಗಳಿಗೆ ಒಂದೂವರೆ ವರ್ಷ ದಾಟಿ, ನಾನು ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಈ ಎಂಟೂವರೆ ನಮಗೆ ತಲೆನೋವಾಯಿತು.

ನನ್ನ ಕೆಲಸ ಕಾಸರಗೋಡಿನ ಒಂದು ಸಹಕಾರಿ ಸಂಘದಲ್ಲಿ. ಮನೆ ಉಳಿಯತ್ತಡ್ಕದಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಅಂಗಳ ದಾಟಿದರೆ ಕೆರೆ. ಅತ್ತೆಗೆ ಮಂಡಿನೋವು. ಓಡುವ ಮಗುವಿನ ಹಿಂದೆ ಅವರನ್ನು ಓಡಿಸುವುದು ಸರಿಯಲ್ಲ ಎಂದು ವಿದ್ಯಾನಗರದ ಹತ್ತಿರದ ಒಂದು ಡೇ ಕೇರ್‌ಗೆ ಸೇರಿಸಿದೆವು. ಬೆಳಗ್ಗೆ ಎಂಟೂಕಾಲಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಸಂಜೆ ಐದಕ್ಕೆ ಸಂಘದ ಬಾಗಿಲು ಹಾಕಿ, ಅವಳನ್ನು ಎತ್ತಿಕೊಂಡು, ಸೀತಾಂಗೋಳಿ ಕಡೆಯ ಬಸ್ ಹಿಡಿದು, ಇಳಿದು ನಡೆದು ಮನೆ ಸೇರುವಾಗ ಆರೂಕಾಲು, ಆರೂವರೆ.

ಮೊದಮೊದಲು ನಮ್ಮ ಸಂಜೆ ಹೇಗಿತ್ತು ಎಂದರೆ, ಬಸ್ಸು ಹೊರಟ ಕೂಡಲೇ ಅವಳಿಗೆ ನಿದ್ದೆ. ಮನೆಗೆ ಬಂದು ಮಲಗಿಸಿದರೆ ಇನ್ನೊಂದು ಇಪ್ಪತ್ತು ನಿಮಿಷ. ಎದ್ದವಳೇ ಹಾಲು ಬೇಕೆಂದು ಅಳು. ಹಾಲು ಕುಡಿದರೆ ಹೊಟ್ಟೆ ತುಂಬಿತು. ಎಂಟೂವರೆಗೆ ಎಲ್ಲರ ಜೊತೆ ಬಟ್ಟಲಿಟ್ಟು ಕೂರಿಸಿದರೆ ಎರಡು ಅಗುಳು ಬಾಯಿಗೆ, ಉಳಿದದ್ದು ನೆಲಕ್ಕೆ. ಅತ್ತೆ ಅಂಗಳಕ್ಕೆ ಎತ್ತಿಕೊಂಡು ಹೋಗಿ ಚಂದಮಾಮನನ್ನು ತೋರಿಸಿ ಉಣಿಸುವುದು, ಇವರು ಮೊಬೈಲು ತೋರಿಸುವುದು, ನಾನು ಬಟ್ಟಲು ಹಿಡಿದು ಹಿಂದೆಯೇ ಹೋಗುವುದು. ಹತ್ತೂವರೆಗೆ ಹೇಗೋ ಮಲಗಿದರೆ ಬೆಳಗ್ಗೆ ಆರೂವರೆಗೆ ಎಬ್ಬಿಸಲೇಬೇಕು. ಎದ್ದಾಗ ಎರಡು ಕಣ್ಣೂ ಕೆಂಪು.

ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾನು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ರಾತ್ರಿಯದ್ದು ಎಂಟೇ ಗಂಟೆ, ಹಗಲಿನದ್ದು, ಬಸ್ಸಿನದ್ದು ಎಲ್ಲ ಕೂಡಿಸಿದರೆ ಹೇಗೋ ಹನ್ನೊಂದು ದಾಟುತ್ತಿತ್ತು. ಊಟದ್ದಕ್ಕಿಂತ ಈ ಲೆಕ್ಕ ನನಗೆ ಜಾಸ್ತಿ ಭಯ ಹುಟ್ಟಿಸಿತು.

ತೂಕದ ಕಾರ್ಡು ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಕಾರ್ಡು ನೋಡಿ, ಗೆರೆ ಸರಿಯಾಗಿಯೇ ಏರುತ್ತಿದೆ, ಮಗು ಉಪವಾಸ ಬಿದ್ದಿಲ್ಲ ಅಂದರು. ಆಮೇಲೆ ಕೇಳಿದ್ದು ಹಾಲಿನ ಬಗ್ಗೆ. ಬೆಳಗ್ಗೆ ಒಂದು ಲೋಟ, ಡೇ ಕೇರ್‌ನಲ್ಲಿ ಒಂದು, ಬಂದ ಕೂಡಲೇ ಒಂದು, ಮಲಗುವಾಗ ಬಾಟಲಿಯಲ್ಲಿ ಒಂದು. "ದಿನಕ್ಕೆ ಅರ್ಧ ಲೀಟರಿಗಿಂತ ಮೇಲೆ ಹೋಗಬೇಡಿ. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಲಲ್ಲೇ ಹೊಟ್ಟೆ ತುಂಬಿದರೆ ಅನ್ನ, ಬೇಳೆ, ಸೊಪ್ಪಿಗೆ ಜಾಗ ಎಲ್ಲಿಂದ?" ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗಿದರೆ ಹಲ್ಲು ಹುಳುಕಾಗುತ್ತದೆ ಎಂದೂ ಹೇಳಿದರು. ಈ ವಯಸ್ಸಿಗೆ ಒಂದು ಹೊತ್ತಿಗೆ 250 ಮಿಲಿಯ ಲೋಟದಲ್ಲಿ ಮುಕ್ಕಾಲು ಭಾಗ ಊಟ ಸಾಕಂತೆ. ನಾವು ಬಟ್ಟಲಿಗೆ ಹಾಕುತ್ತಿದ್ದದ್ದು ಅದರ ಎರಡರಷ್ಟು. ಅದು ಉಳಿಯುವುದು ನೋಡಿ ನೋಡಿಯೇ ಅತ್ತೆಗೆ ಸಂಕಟ.

ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿಯಿತು. ಏನು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಎಷ್ಟು ತಿನ್ನಬೇಕು ಎನ್ನುವುದನ್ನು ಅವಳಿಗೆ ಬಿಡಿ. ಕೇಳುವಾಗ ಬಹಳ ಸುಲಭ, ಅಲ್ವಾ? ಆದರೆ "ಯಾವಾಗ" ಎನ್ನುವುದೇ ನನ್ನ ಕೈಯಲ್ಲಿ ಇರಲಿಲ್ಲ. ಅರ್ಧ ಡೇ ಕೇರ್‌ನವರ ಕೈಯಲ್ಲಿ, ಅರ್ಧ ಬಸ್ಸಿನವರ ಕೈಯಲ್ಲಿ.

ಡೇ ಕೇರ್‌ನಿಂದಲೇ ಶುರು ಮಾಡಿದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಚೇಚಿಗೆ ಮಲಯಾಳವೇ ಮಾತು, ಆದರೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವರು ಮಲಯಾಳದಲ್ಲಿ ಹೇಳುತ್ತಾರೆ. ನಮ್ಮೂರಲ್ಲಿ ಇದೇನು ಹೊಸತಲ್ಲ. ಅವರ ಹತ್ತಿರ ಒಂದು ಪುಸ್ತಕ ಇದೆ, ಯಾವ ಮಗು ಎಷ್ಟು ಹೊತ್ತಿಗೆ ಏನು ತಿಂದಿತು, ಯಾವಾಗ ಮಲಗಿತು ಎಂದು ಬರೆಯುತ್ತಾರೆ. ಅದನ್ನು ತೆಗೆದು ತೋರಿಸಿದರು. ಮಧ್ಯಾಹ್ನದ ಅನ್ನ ಹನ್ನೆರಡಕ್ಕೇ ಆಗುತ್ತದೆ. ಒಂದಕ್ಕೆ ಎಲ್ಲರನ್ನೂ ಮಲಗಿಸುತ್ತಾರೆ. ಉಳಿದ ಮಕ್ಕಳು ಮೂರಕ್ಕೆ ಏಳುತ್ತವೆ. ನನ್ನ ಮಗಳು ಮಾತ್ರ ನಾಲ್ಕರವರೆಗೂ ನಿದ್ದೆ, ಪಾಪ ಎಂದು ಬಿಡುತ್ತಿದ್ದರು. ನಾಲ್ಕೂವರೆಗೆ ಸಕ್ಕರೆ ಹಾಕಿದ ಹಾಲು, ಗ್ಲುಕೋಸ್ ಬಿಸ್ಕೆಟ್. ರಾತ್ರಿ ತಡವಾಗಿ ಮಲಗುವುದರಿಂದ ಮಧ್ಯಾಹ್ನ ಜಾಸ್ತಿ ಮಲಗುವುದು, ಮಧ್ಯಾಹ್ನ ಜಾಸ್ತಿ ಮಲಗುವುದರಿಂದ ರಾತ್ರಿ ತಡವಾಗುವುದು. ಪುಸ್ತಕದಲ್ಲಿ ಅದು ಒಂದೇ ಸಾಲಿನಲ್ಲಿ ಕಾಣುತ್ತಿತ್ತು.

ಅಷ್ಟೊಂದು ಮಕ್ಕಳಿರುವ ಕಡೆ ನಮ್ಮ ಒಬ್ಬಳಿಗಾಗಿ ಗಂಟೆ ಬದಲಿಸಿ ಎಂದು ಕೇಳಲು ಆಗುವುದಿಲ್ಲ. ಹಾಗೆ ಕೇಳಲೂ ಇಲ್ಲ. ಉಳಿದವರ ಜೊತೆ ಮೂರಕ್ಕೇ ಎಬ್ಬಿಸಿ, ಬಿಸ್ಕೆಟ್ ಬದಲು ನಾನು ಕಟ್ಟಿ ಕೊಟ್ಟದ್ದನ್ನು ಮೂರೂವರೆಯ ಒಳಗೆ ಕೊಡಿ, ಆಮೇಲೆ ನೀರು ಬಿಟ್ಟು ಏನೂ ಬೇಡ ಎಂದಷ್ಟೇ ಕೇಳಿದೆ. ಚೇಚಿ ಒಪ್ಪಿದರು. ಎಬ್ಬಿಸಿದರೆ ಅಳುತ್ತಾಳೆ, ನನ್ನನ್ನು ಬೈಯಬಾರದು ಅಂದರು. ಅತ್ತಳು ಕೂಡ. ಮೊದಲ ವಾರ ಅವರ ಸೊಂಟದಿಂದ ಇಳಿಯಲಿಲ್ಲವಂತೆ.

ಡಬ್ಬಿಗೆ ನಾನು ಕಟ್ಟುವುದು ಹೆಚ್ಚಾಗಿ ನೇಂದ್ರ ಬಾಳೆಹಣ್ಣು. ಸಿಪ್ಪೆ ಸಮೇತ ಎರಡು ತುಂಡು ಮಾಡಿ ಬೆಳಗ್ಗೆ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ನಡುವಿನ ಕಪ್ಪು ನಾರು ಎಳೆದು ಹಾಕಿ, ಬೆರಳಿನಷ್ಟು ಉದ್ದಕ್ಕೆ ಸೀಳುತ್ತೇನೆ. ಅವಳೇ ಹಿಡಿದುಕೊಂಡು ತಿನ್ನುತ್ತಾಳೆ. ಇನ್ನು ಕೆಲವು ದಿನ ಅಂಗನವಾಡಿಯಲ್ಲಿ ಸಿಗುವ ಅಮೃತಂ ಪುಡಿ. ಕೇರಳದಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಇದನ್ನು ಮನೆಗೇ ಕೊಡುತ್ತಾರೆ. ಗೋಧಿ, ಕಡಲೆಬೇಳೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ತಯಾರಿಸುವುದು. ಅದರ ಹಿಂದೆ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯವರ ಕೈಯೂ ಇದೆ. ಅವರು ತೆಂಗು, ಕಂಗಿನ ಸಂಶೋಧನೆ ಮಾತ್ರ ಮಾಡುವವರು ಎಂದೇ ನಾನು ಅಂದುಕೊಂಡಿದ್ದೆ. ಎಲ್ಲರೂ ಅದನ್ನು ನೀರಲ್ಲಿ ಕುದಿಸಿ ಕೊಡುತ್ತಾರೆ, ನನ್ನ ಮಗಳು ಅದನ್ನು ಮುಟ್ಟುವುದಿಲ್ಲ. ತುಪ್ಪದಲ್ಲಿ ಸ್ವಲ್ಪ ಹುರಿದು, ತೆಂಗಿನತುರಿ ಹಾಕಿ ಮೆದು ಉಂಡೆ ಕಟ್ಟಿದರೆ ಡಬ್ಬಿ ಖಾಲಿ. ಪುಡಿಯಲ್ಲೇ ಸಕ್ಕರೆ ಇರುವುದರಿಂದ ಮೇಲಿಂದ ಬೆಲ್ಲ ಬೇಡವೇ ಬೇಡ.

ಇಷ್ಟಾದ ಮೇಲೂ ಬಸ್ಸು ಉಳಿಯಿತು.

ಬಸ್ಸಿನ ನಿದ್ದೆ ಎಷ್ಟು ಕೆಟ್ಟದ್ದು ಎಂದು ಅನುಭವಿಸಿದವರಿಗೇ ಗೊತ್ತು. ಇಪ್ಪತ್ತೈದು ನಿಮಿಷದ ನಿದ್ದೆ ರಾತ್ರಿಯ ಎರಡು ಗಂಟೆಯನ್ನು ನುಂಗುತ್ತದೆ. ಅವಳನ್ನು ಎಚ್ಚರದಲ್ಲಿಡಲು ನಾನು ಮಾಡದ ಸರ್ಕಸ್ ಇಲ್ಲ. ಕಿಟಕಿ ಪಕ್ಕ ಕೂತು ದನ, ನಾಯಿ, ಲಾರಿ ಎಲ್ಲ ತೋರಿಸಿದೆ. ಹಾಡಿದೆ. ಹಾಡಿದರೆ ಇನ್ನೂ ಬೇಗ ನಿದ್ದೆ. ಪಕ್ಕದವರಿಗೂ ಆಕಳಿಕೆ. ತಿನ್ನಲು ಏನಾದರೂ ಕೊಡೋಣವೆಂದರೆ ನಮ್ಮ ಬಸ್ಸಿನವರ ಬ್ರೇಕು ಗೊತ್ತಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ ಎಂದು ಧೈರ್ಯ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ರಶ್ಶು. ಒಂದು ಸಂಜೆ ಎಲ್ಲೂ ಸೀಟಿಲ್ಲದೆ, ಹೆಂಗಸೊಬ್ಬರು ಡ್ರೈವರ್ ಹಿಂದಿನ ಉದ್ದ ಸೀಟಿನ ತುದಿಯಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟರು. ಅಲ್ಲಿಂದ ಗೇರಿನ ಕೋಲು ಕಾಣುತ್ತದೆ. ಅದರ ತಲೆಗೆ ಕೆಂಪು ಗುಂಡು. ಡ್ರೈವರ್ ಗೇರು ಹಾಕಿದಾಗಲೆಲ್ಲ ಇಡೀ ಕೋಲು ನಡುಗುತ್ತದೆ, ಎದುರಿನ ಗಾಜಿಗೆ ನೇತು ಹಾಕಿದ ಪ್ಲಾಸ್ಟಿಕ್ ಹೂಮಾಲೆ ಒಂದು ಬದಿಗೆ ವಾಲುತ್ತದೆ. ಇವಳ ಕಣ್ಣು ಗೇರಿನಿಂದ ಮಾಲೆಗೆ, ಮಾಲೆಯಿಂದ ಗೇರಿಗೆ. ಇಳಿಯುವ ಜಾಗ ಬಂದರೂ ಕಣ್ಣು ಮುಚ್ಚಲಿಲ್ಲ. ಮಾರನೆಯ ದಿನದಿಂದ ಸೀಟು ಖಾಲಿ ಇದ್ದರೂ ನಾನು ಅಲ್ಲೇ ಹೋಗುತ್ತೇನೆ. ಬಿಸಿ ಜಾಸ್ತಿ, ಇಂಜಿನ್ ಸದ್ದೂ ಜಾಸ್ತಿ. ಆದರೆ ಮಗು ಎಚ್ಚರ. ಈಗ ಕಂಡಕ್ಟರ್ "ಪುಟ್ಟಿ ಡ್ರೈವರ್ ಬಂದಳು" ಎನ್ನುತ್ತಾನೆ. ಹಾಗೂ ನಿದ್ದೆ ಬಂದೇ ಬಂದ ದಿನ, ಮನೆ ಮುಟ್ಟಿದ ಕೂಡಲೇ ಮಲಗಿಸದೆ ಸೀದಾ ಅಂಗಳದ ನಲ್ಲಿಗೆ. ಕಾಲಿಗೆ ತಣ್ಣೀರು ಬಿದ್ದರೆ ಎಚ್ಚರವಾಗುತ್ತದೆ, ಸ್ವಲ್ಪ ರಂಪವೂ ಆಗುತ್ತದೆ.

ಮುಖ್ಯ ಬದಲಾವಣೆ ಊಟದ ಹೊತ್ತಿನದ್ದು. ಮೂರೂವರೆಗೆ ತಿಂದ ಮಗುವಿಗೆ ಆರೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ. ಅದೇ ಹೊತ್ತಿಗೆ ನಾವು ಹಾಲು ಕೊಟ್ಟು ಹಸಿವು ಕೊಲ್ಲುತ್ತಿದ್ದೆವು. ಹಾಲಿನ ಬದಲು ಆಗಲೇ ಊಟ ಕೊಟ್ಟರೆ? ಕೈಕಾಲು ತೊಳೆದ ಕೂಡಲೇ, ನಾನು ಸೀರೆ ಬದಲಿಸುವ ಮೊದಲೇ, ಅವಳ ರಾತ್ರಿ ಊಟ.

ಅತ್ತೆಗೆ ಇದು ಸರಿ ಬರಲಿಲ್ಲ. "ಮುಸ್ಸಂಜೆ ಹೊತ್ತಿಗೆ, ದೀಪ ಹಚ್ಚುವ ಹೊತ್ತಿಗೆ ಉಣ್ಣುವುದು ಉಂಟಾ? ಮಗುವನ್ನು ಒಂಟಿಯಾಗಿ ಕೂರಿಸಿ ಉಣಿಸುವುದು ಎಂತದು?" ಅವರು ಹೇಳಿದ್ದರಲ್ಲಿ ಎರಡನೆಯದು ನನಗೂ ಚುಚ್ಚಿತು. ಎಲ್ಲರೂ ಸುತ್ತ ಕೂತು ಉಣ್ಣುವುದನ್ನು ನೋಡಿಯೇ ಮಕ್ಕಳು ಉಣ್ಣಲು ಕಲಿಯುವುದು. ನಾನು ವಾದ ಮಾಡಲಿಲ್ಲ. ಒಂದು ವಾರ ನೋಡೋಣ ಅತ್ತೆ, ಆಗದಿದ್ದರೆ ಬಿಡೋಣ ಅಂದೆ.

ದೀಪದ ಸಮಸ್ಯೆಯನ್ನು ಆಮೇಲೆ ಅವರೇ ಬಿಡಿಸಿದರು. ಆಗ ಡಿಸೆಂಬರ್. ನಮ್ಮ ಕಡೆ ಆರು ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ನಾವು ಮನೆ ಮುಟ್ಟುವಾಗ ದೀಪ ಹಚ್ಚಿ ಆಗಿರುತ್ತಿತ್ತು. ಮಗು ದೇವರ ಕೋಣೆಯ ಎದುರು ಕೈ ಮುಗಿದು ಬಂದು ಊಟಕ್ಕೆ ಕೂರಲಿ ಎಂದು ಅವರೇ ಹೊಸ ಕ್ರಮ ಮಾಡಿದರು. ಮಳೆಗಾಲದಲ್ಲಿ ಇದು ತಿರುಗಮುರುಗ. ಜುಲೈಯಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಹತ್ತಿರ. ಊಟ ಮುಗಿಸಿಯೇ ದೀಪ. ಒಂಟಿಯಾಗಿ ಕೂರಿಸುವ ವಿಷಯಕ್ಕೂ ಅವರದ್ದೇ ಪರಿಹಾರ. ಆ ಹೊತ್ತಿಗೆ ತಾವೂ ಒಂದು ಸಣ್ಣ ಬಟ್ಟಲಲ್ಲಿ ಎರಡು ತುತ್ತು ಗಂಜಿ ಹಾಕಿಕೊಂಡು ಪಕ್ಕದಲ್ಲಿ ಮಣೆ ಹಾಕಿ ಕೂರುತ್ತಾರೆ. ಮಂಡಿನೋವಿಗೆ ಮಾತ್ರೆ ತೆಗೆದುಕೊಳ್ಳುವ ಮೊದಲು ಏನಾದರೂ ತಿನ್ನಬೇಕಿತ್ತು, ಅದೂ ಆಯ್ತು ಎನ್ನುತ್ತಾರೆ.

ಆರೂವರೆಗೆ ಬಟ್ಟಲು ತಯಾರಿರಬೇಕೆಂದರೆ ಅಡುಗೆ ಮೊದಲೇ ಆಗಿರಬೇಕು. ಬಂದ ಮೇಲೆ ಒಲೆ ಹಚ್ಚಿದರೆ ಮಗು ಕಾಯುವುದಿಲ್ಲ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಆದರೆ ಐದು ಗಂಟೆಗೆ ಕುದಿಸಿ ಥರ್ಮಲ್ ಕುಕ್ಕರಿನೊಳಗೆ ಇಟ್ಟುಬಿಟ್ಟರೆ ತನ್ನಷ್ಟಕ್ಕೆ ಬೇಯುತ್ತದೆ. ಅಷ್ಟು ಅತ್ತೆ ಮಾಡುತ್ತಾರೆ. ಬೇಳೆ, ತರಕಾರಿ ನನ್ನದು. ಬೆಳಗ್ಗೆ ನಮಗೆ ಸಾಂಬಾರಿಗೆ ಬೇಯಿಸುವಾಗಲೇ ಉಪ್ಪು, ಖಾರ ಬೀಳುವ ಮೊದಲು ಅವಳ ಪಾಲು ತೆಗೆದು, ತಣಿದ ಕೂಡಲೇ ಫ್ರಿಜ್ಜಿಗೆ. ಸಂಜೆ ಅದನ್ನು ಚೆನ್ನಾಗಿ ಕುದಿ ಬರಿಸಿ, ಗಂಜಿಯ ಅಗುಳಿನ ಜೊತೆ ಕಿವುಚಿ, ಚಿಟಿಕೆ ಉಪ್ಪು, ಮೇಲೆ ತುಪ್ಪ. ಹೆಸರುಬೇಳೆಗೆ ಚೀನಿಕಾಯಿ ಸೇರಿದರೆ ಸಿಹಿ ಬರುತ್ತದೆ, ಅವಳಿಗೆ ಅದೇ ಇಷ್ಟ. ಬಸಳೆ ಎಲೆ ನುಣ್ಣಗೆ ಹೆಚ್ಚಿ ಹಾಕಿದರೆ ಗೊತ್ತೇ ಆಗುವುದಿಲ್ಲ. ಬೇಳೆಗೆ ಎರಡು ಹನಿ ಲಿಂಬೆ ಹಿಂಡುತ್ತೇನೆ, ಕಬ್ಬಿಣದ ಅಂಶ ಮೈಗೆ ಹತ್ತಲು ಹುಳಿ ಒಳ್ಳೆಯದು. ಒಂದೆಲಗದ ತಂಬುಳಿಯನ್ನು ಮೊದಲು ಉಗಿದಳು. ಅತ್ತೆ ಬಿಡಲಿಲ್ಲ. ಒತ್ತಾಯವೂ ಮಾಡಲಿಲ್ಲ, ತಮ್ಮ ಬಟ್ಟಲಿನ ಬದಿಯಲ್ಲಿ ಒಂದು ಚಮಚ ಬಡಿಸಿಕೊಂಡು ಸೊರ್ರನೆ ಕುಡಿಯುತ್ತಾ ಇದ್ದರು. ತಿಂಗಳು ಕಳೆದ ಮೇಲೆ ಒಂದು ದಿನ ಇವಳು ಅವರ ಬಟ್ಟಲಿಗೇ ಬೆರಳು ಹಾಕಿದಳು. ಈಗ ಸದ್ದು ಮಾಡುತ್ತಾ ಕುಡಿಯುವುದರಲ್ಲಿ ಅಜ್ಜಿಯನ್ನು ಮೀರಿಸುತ್ತಾಳೆ.

ಉಂಡದ್ದು ಇಪ್ಪತ್ತು ನಿಮಿಷ, ಅರ್ಧ ಗಂಟೆ. ಆಮೇಲೆ ಬಟ್ಟಲು ಎತ್ತುತ್ತೇವೆ. ಉಳಿದರೆ ಉಳಿಯಿತು. ಮೊಬೈಲನ್ನು ಆ ಹೊತ್ತಿಗೆ ಫ್ರಿಜ್ಜಿನ ಮೇಲೆ ಇಡುವುದು ಎಂದು ಮಾತಾಗಿದೆ. ಇದಕ್ಕೆ ಮಗಳಿಗಿಂತ ಜಾಸ್ತಿ ಕಷ್ಟವಾದದ್ದು ನನಗೆ.

ಏಳರಿಂದ ಏಳೂವರೆಯವರೆಗೆ ಆಟ, ಅತ್ತೆಯ ಭಜನೆಗೆ ತಾಳ ಕುಟ್ಟುವುದು. ಏಳೂವರೆಗೆ ಸಣ್ಣ ಲೋಟದಲ್ಲಿ ಹಾಲು, ಇಲ್ಲದಿದ್ದರೆ ನಾಲ್ಕು ತುತ್ತು ಮೊಸರನ್ನ. ಸಂಜೆ ಕಡಿಮೆ ಉಂಡ ದಿನ ಇದು ಆಧಾರ. ಅತ್ತೆಗೂ "ಮಗು ಹಸಿದು ಮಲಗಲಿಲ್ಲ" ಎಂಬ ಸಮಾಧಾನ. ಬಾಟಲಿ ಬಿಡಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ, ಕೆಲವು ರಾತ್ರಿ ಅತ್ತಳು ಅಷ್ಟೆ. ಆಮೇಲೆ ಬಿಸಿನೀರ ಸ್ನಾನ, ಹಲ್ಲುಜ್ಜುವುದು, ದೀಪ ಸಣ್ಣದು ಮಾಡಿ ಒಂದು ಪುಸ್ತಕ. ದಿನವೂ ಅದೇ ಆನೆಯ ಪುಸ್ತಕ. ಬೇರೆ ತೆಗೆದರೆ ಗಲಾಟೆ. ಎಂಟೂಕಾಲಿಗೆ ನಿದ್ದೆ. ಬೆಳಗ್ಗೆ ಆರೂವರೆಯವರೆಗೆ ಹತ್ತು ಗಂಟೆಗಿಂತ ಮೇಲಾಯಿತು, ಮಧ್ಯಾಹ್ನದ್ದು ಸೇರಿದರೆ ಹನ್ನೆರಡರ ಹತ್ತಿರ.

ಇದರಲ್ಲಿ ಸೋತವರು ಇವರು. ರೈಲು ಸರಿಯಾಗಿ ಬಂದರೆ ಪುಸ್ತಕದ ಹೊತ್ತಿಗೆ ಮನೆಯಲ್ಲಿರುತ್ತಾರೆ. ತಡವಾದರೆ ಮಗಳ ಮುಖ ನೋಡುವುದು ಮಲಗಿದ ಮೇಲೆಯೇ. ಒಂದು ದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ "ನಾನು ಈ ಮನೆಯ ಪೇಯಿಂಗ್ ಗೆಸ್ಟ್" ಅಂದರು. ನಗುತ್ತಲೇ ಹೇಳಿದ್ದು, ಆದರೂ. ಅದಕ್ಕೇ ಬೆಳಗಿನ ತಿಂಡಿಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಏಳಕ್ಕೆ ಅಪ್ಪ ಮಗಳು ಇಬ್ಬರೂ ಅಡುಗೆಮನೆಯಲ್ಲಿ ನೀರುದೋಸೆಗೆ ಕೂರುತ್ತಾರೆ. ಅಪ್ಪನ ದೋಸೆ ಬೇಕು, ತನ್ನದು ಬೇಡ. ಅವರು ಬೆಲ್ಲ, ಕಾಯಿಸುಳಿ ಎಷ್ಟು ಹಾಕುತ್ತಾರೆ ಎಂದು ನಾನು ಹೋಗಿ ನೋಡುವುದಿಲ್ಲ.

ಈ ಕ್ರಮ ದಿನಾಲೂ ಹೀಗೇ ನಡೆಯುತ್ತದೆ ಎಂದು ತಿಳಿಯಬೇಡಿ. ಇವರ ದೊಡ್ಡಮ್ಮ ಮಧೂರು ದೇವಸ್ಥಾನಕ್ಕೆ ಹೋದವರು ಸಂಜೆ ಆರಕ್ಕೆ ಸಿಹಿ ಅಪ್ಪದ ಪ್ರಸಾದ ಹಿಡಿದು ಬಂದರೆ ಮುಗಿಯಿತು. ಬೆಲ್ಲ, ತುಪ್ಪದ ಘಮ ಬಿಟ್ಟು ಯಾವ ಮಗು ಚೀನಿಕಾಯಿ ಬೇಳೆ ತಿನ್ನುತ್ತದೆ? ಆ ದಿನ ಅವಳ ಊಟ ಅಪ್ಪ, ಮತ್ತೆ ಒಂದು ಲೋಟ ಮಜ್ಜಿಗೆ. ಮದುವೆ, ಉಪನಯನ, ಯಕ್ಷಗಾನ ಮೇಳದ ಆಟ ಇದ್ದ ರಾತ್ರಿ ಗಡಿಯಾರ ನೋಡುವುದೇ ಇಲ್ಲ. ಒಂದು ರಾತ್ರಿ ತಪ್ಪಿದರೆ ಸರಿಯಾಗಲು ಎರಡು ದಿನ ಬೇಕು. ಆಗಲಿ. ಮಾರ್ಚ್ ಕೊನೆಯಲ್ಲಿ ಸಂಘದಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಹೊರಡುವಾಗ ಏಳಾಗುತ್ತದೆ. ಆ ದಿನಗಳಿಗೆ ಚೇಚಿಯ ಹತ್ತಿರ ಇಡ್ಲಿ ಕೊಟ್ಟಿಡುತ್ತೇನೆ. ಆರಕ್ಕೆ ಅವರೇ ತಿನ್ನಿಸುತ್ತಾರೆ. ಮನೆಗೆ ಬಂದ ಮೇಲೆ ಹಾಲು ಮಾತ್ರ. ಮಳೆಗಾಲದಲ್ಲಿ ಬಸ್ಸು ತಡವಾದರೆ ಕತ್ತರಿ ಬೀಳುವುದು ಸ್ನಾನಕ್ಕೆ. ಊಟ, ಹಲ್ಲು, ಆನೆ, ನಿದ್ದೆ ಎಂಬ ಸಾಲು ಮಾತ್ರ ಬದಲಾಗುವುದಿಲ್ಲ. ಗಂಟೆ ಆಚೀಚೆಯಾದರೆ ಅವಳಿಗೆ ಚಿಂತೆಯಿಲ್ಲ, ಸಾಲು ತಪ್ಪಿದರೆ ಎದ್ದು ಕೂರುತ್ತಾಳೆ.

ಈಗ ಅವಳಿಗೆ ಎರಡೂವರೆ ವರ್ಷ ಆಗುತ್ತಾ ಬಂತು. ಜೂನಿನಲ್ಲಿ ಡೇ ಕೇರ್‌ನ ದೊಡ್ಡ ಮಕ್ಕಳ ಕೋಣೆಗೆ ಹೋಗುತ್ತಾಳೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆ ಮಾತ್ರ ನಿದ್ದೆಯಂತೆ, ಮಲಗದವರಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತಾರಂತೆ. ನನ್ನ ಮಗಳು ಪೆನ್ಸಿಲ್ ಕಂಡರೆ ಮಲಗುವವಳಲ್ಲ. ಹಾಗಾದರೆ ಸಂಜೆ ಗೇರಿನ ಕೋಲು ಎಷ್ಟು ನಡುಗಿದರೂ ಬಸ್ಸಿನಲ್ಲಿ ಕಣ್ಣು ಮುಚ್ಚುವುದು ಖಂಡಿತ. ಚೇಚಿಯ ಹತ್ತಿರ ಕೇಳಿದ್ದೇನೆ, ಮೊದಲ ತಿಂಗಳಾದರೂ ಸಣ್ಣವರ ಕೋಣೆಯಲ್ಲೇ ಮಲಗಿಸಲು ಆಗುತ್ತದಾ ಎಂದು. ನೋಡುವಾ ಅಂದಿದ್ದಾರೆ. ಆಗದಿದ್ದರೆ ಊಟ ಮುಗಿದು ಸ್ವಲ್ಪ ಹೊತ್ತಲ್ಲೇ, ಏಳೂವರೆಗೇ ಮಲಗಿಸಬೇಕಾದೀತು. ಇವರಿಗೆ ಇನ್ನೂ ಹೇಳಿಲ್ಲ.